ಸ್ವರವಿಲ್ಲದ ನುಡಿ ಹೀನವೆ?



“ವೇದಕ್ಕೆ ಸ್ವರವುಂಟು, ಕನ್ನಡಕ್ಕಿಲ್ಲ, ಆದುದರಿಂದ ವಚನವು ಮಂತ್ರವಾಗಲಾರದು” ಎಂಬ ಮಾತನ್ನು ನೀವೂ ಕೇಳಿರಬಹುದು. ಮದುವೆಯಲ್ಲಿಯೋ ಗೃಹಪ್ರವೇಶದಲ್ಲಿಯೋ ವಚನಗಳನ್ನು ಹೇಳಿದರೆ ಸಾಕೇ ಎಂದು ನಮ್ಮವರೇ ಅಳುಕುವುದಕ್ಕೆ ಈ ಮಾತೂ ಒಂದು ಕಾರಣ. ಅಳುಕುವ ಮುನ್ನ ಸ್ವರವೆಂದರೇನೆಂದು ವಿಚಾರಿಸೋಣ.

ಅಕ್ಷರವನ್ನು ಏರುದನಿಯಲ್ಲಿ ನುಡಿದರೆ ಉದಾತ್ತ, ತಗ್ಗುದನಿಯಲ್ಲಿ ನುಡಿದರೆ ಅನುದಾತ್ತ, ಒಂದೇ ಅಕ್ಷರದೊಳಗೆ ಎರಡೂ ಕೂಡಿದರೆ ಸ್ವರಿತ. ಸ್ವರಿತದ ಮೊದಲ ಅರ್ಧ ಮಾತ್ರೆ ಉದಾತ್ತವೆಂದು ಪಾಣಿನಿ ಅಳೆದೇ ಹೇಳಿದ್ದಾನೆ. ‘ಇಂದ್ರಶತ್ರು’ವಿನ ಕಥೆ ಪ್ರಸಿದ್ಧವಾದುದು. ಕೊನೆಯ ಅಕ್ಷರ ಉದಾತ್ತವಾದರೆ ಇಂದ್ರನನ್ನು ಕೊಲ್ಲುವವನು. ಮೊದಲನೆಯದು ಉದಾತ್ತವಾದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ತ್ವಷ್ಟೃವಿನ ಸ್ವರ ತಪ್ಪಿತು, ವೃತ್ರನು ಅಳಿದನು.

ಇದು ದೇವಭಾಷೆಯೊಂದರ ಮಹಿಮೆಯೆ? ಅಲ್ಲ. ಪ್ರಾಚೀನ ಗ್ರೀಕರಲ್ಲಿಯೂ ದೀರ್ಘಸ್ವರದ ಮೊದಲ ಮಾತ್ರೆ ಎತ್ತರಿಸಿದರೆ ದನಿ ಇಳಿಯುತ್ತಿತ್ತು, ಎರಡನೆಯದು ಎತ್ತರಿಸಿದರೆ ಏರುತ್ತಿತ್ತು. ಹೀಗೆಯೇ ‘ಫೋಸ್’ ಎಂಬುದು ಒಮ್ಮೆ ಬೆಳಕು, ಒಮ್ಮೆ ಮನುಷ್ಯ. ಲಿಥುವೇನಿಯದವರ ‘ಔಕ್ಶ್ಟಸ್’ ಪದದ ಮೊದಲಕ್ಷರದಲ್ಲಿ ದನಿ ಇಳಿದರೆ ಎತ್ತರವಾದುದು, ಏರಿದರೆ ಮನೆಯ ಅಂತಸ್ತು. ಟೋಕಿಯೋ ನಗರದಲ್ಲಿ ‘ಹಶಿ’ ಎಂಬುದರ ಮೊದಲಕ್ಷರ ಎತ್ತರವಾದರೆ ಊಟದ ಕಡ್ಡಿ, ಎರಡನೆಯದಾದರೆ ಸೇತುವೆ. ಕಡ್ಡಿಯನ್ನು ಕೇಳುವ ಜಪಾನೀಯನು ಮಂತ್ರ ಪಠಿಸುತ್ತಿರುವನೆಂದು ಯಾರೂ ಹೇಳರು! ಸ್ವರವು ಅರ್ಥವನ್ನು ಬೇರ್ಪಡಿಸುವ ಒಂದು ಉಪಕರಣ, ಅಷ್ಟೆ.

ಕನ್ನಡಕ್ಕೆ ಅದರ ಉಪಕರಣಗಳುಂಟು. ‘ಬಿಡು’ ಬೇರೆ, ‘ಬೀಡು’ ಬೇರೆ. ‘ಕತೆ’ ಬೇರೆ, ‘ಕತ್ತೆ’ ಬೇರೆ. ‘ಬಂದ’ ಎಂಬುದನ್ನು ಏರಿಸಿ ನುಡಿದರೆ ಪ್ರಶ್ನೆಯಾದೀತು, ಪದ ಬದಲಾಗದು.

ಇನ್ನೊಂದು ಮಾತು. ಲೌಕಿಕ ಸಂಸ್ಕೃತದಿಂದ ಈ ಉದಾತ್ತಾದಿಗಳು ಎಂದೋ ಮರೆಯಾದವು. ಕಾಳಿದಾಸನ ಶ್ಲೋಕವನ್ನು ಇಂದು ಯಾವ ಪಂಡಿತನೂ ಉದಾತ್ತವಿಟ್ಟು ಓದುವುದಿಲ್ಲ. ಸ್ವರವಿಲ್ಲದ ನುಡಿ ಹೀನವೆನ್ನುವವರು ಮೊದಲು ಕಾಳಿದಾಸನನ್ನು ಕೆಳಗಿಳಿಸಲಿ. ಆಮೇಲೆ ಬಸವಣ್ಣನವರ ಬಳಿಗೆ ಬರಲಿ.

ವೇದಪಾಠಿಗಳು ಮೂರು ಸಾವಿರ ವರ್ಷಗಳಷ್ಟು ಹಳೆಯ ದನಿಯನ್ನು ಕಂಠದಲ್ಲಿ ಕಾಪಾಡಿದ್ದಾರೆ. ಆ ಶ್ರಮಕ್ಕೆ ತಲೆಬಾಗೋಣ. ಆದರೆ ಹನ್ನೆರಡನೆಯ ಶತಮಾನದ ಶರಣರು ತಪ್ಪಿದರೆ ಕೆಡುವ ದನಿಯನ್ನು ನಂಬಲಿಲ್ಲ, ತಿಳಿದರೆ ಬದುಕುವ ನುಡಿಯನ್ನು ನಂಬಿದರು. ದನಿಯ ಏರಿಳಿತವನ್ನು ಕಿವಿ ಅಳೆಯುತ್ತದೆ. ನುಡಿ ನಡೆಯಾಯಿತೆ ಎಂಬುದನ್ನು ಬಾಳು ಅಳೆಯುತ್ತದೆ. ನಿಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ ಅಳುಕದೆ ವಚನವನ್ನು ಹೇಳಿರಿ, ಅರ್ಥ ತಿಳಿದು ಹೇಳಿರಿ.