ಕಂಬೈನ್ಡ್ ಸ್ಟಡಿ

‘ಕಂಬೈನ್ಡ್ ಸ್ಟಡಿಗೆ ಹೋಗ್ತೀನಿ ಅಜ್ಜಿ’ ಎಂದು ಮೊಮ್ಮಗ ಪುಸ್ತಕ ಹಿಡಿದು ಗೆಳೆಯನ ಮನೆಗೆ ಹೊರಟರೆ, ‘ಓದೋಕಲ್ಲ, ಹರಟೆಗೆ’ ಎಂದು ಅಜ್ಜಿ ಗೊಣಗುವುದುಂಟು. ಅಜ್ಜಿಯ ಮಾತು ಅರ್ಧ ನಿಜವೇ ಇದ್ದೀತು. ಉಳಿದರ್ಧಕ್ಕೆ ಒಂದು ಕಥೆಯಿದೆ, ಕೇಳಿ ಮಕ್ಕಳೇ.

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. 1970ರ ದಶಕ. ಮೊದಲ ವರ್ಷದಲ್ಲಿ ಕ್ಯಾಲ್ಕುಲಸ್ ಎಂಬ ಗಣಿತ ತೆಗೆದುಕೊಂಡ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಗ್ಗರಿಸುತ್ತಿದ್ದರು. ಅದರಲ್ಲಿ ಸೋತರೆ ಎಂಜಿನಿಯರ್ ಆಗುವ ಆಸೆಯನ್ನೂ ಬಿಡಬೇಕು. ಯೂರಿ ಟ್ರೈಸ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಕಾರಣ ವಿಚಾರಿಸಿದರು. ಆಸಕ್ತಿ ಸಾಲದು, ಮನೆಯಲ್ಲಿ ಬಡತನ, ಹೆತ್ತವರ ಒತ್ತಾಸೆಯಿಲ್ಲ ಎಂದೆಲ್ಲ ಅಧ್ಯಾಪಕರು ಹೇಳಿದರು. ಟ್ರೈಸ್‌ಮನ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಇಂಥ 20 ವಿದ್ಯಾರ್ಥಿಗಳನ್ನೂ, ಗಣಿತದಲ್ಲಿ ಮುಂದಿದ್ದ ಚೀನೀ ಮೂಲದ 20 ಮಂದಿಯನ್ನೂ ಆರಿಸಿಕೊಂಡು, ಅವರು ಓದುವ ಕಡೆಗೆಲ್ಲ ಹೋಗಿ ನೋಡಿದರು.

ಸೋಲುತ್ತಿದ್ದವರು ಸೋಮಾರಿಗಳಾಗಿರಲಿಲ್ಲ! ಹೊತ್ತಿಗೆ ಸರಿಯಾಗಿ ತರಗತಿಗೆ ಬರುತ್ತಿದ್ದರು, ಮನೆಗೆಲಸ ಒಪ್ಪಿಸುತ್ತಿದ್ದರು, ವಾರಕ್ಕೆ ಎಂಟು ಗಂಟೆ ಓದುತ್ತಿದ್ದರು. ಆದರೆ ಹೆಚ್ಚುಕಡಿಮೆ ಎಲ್ಲರೂ ಒಬ್ಬೊಬ್ಬರೇ. ಲೆಕ್ಕ ತಪ್ಪಿದರೆ ತಪ್ಪು ತನ್ನೊಬ್ಬನದೇ ಎಂದುಕೊಳ್ಳುತ್ತಿದ್ದರು. ಚೀನೀ ಮೂಲದವರೋ, ಒಬ್ಬೊಬ್ಬರೇ ಓದಿದ ಮೇಲೆ ಸಂಜೆ ಒಟ್ಟಿಗೆ ಸೇರಿ ಊಟ ಮಾಡಿ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬಾರದ ಲೆಕ್ಕ ಸಿಕ್ಕರೆ, ಅದು ನಿಜಕ್ಕೂ ಕಷ್ಟದ್ದೆಂದು ಗೊತ್ತಾಗುತ್ತಿತ್ತು.

ಹಿಂದುಳಿದವರಿಗೆಂದು ವಿಶೇಷ ಪಾಠದ ವ್ಯವಸ್ಥೆ ಅಲ್ಲಿ ಮೊದಲೇ ಇತ್ತು. ಆದರೆ ತಮ್ಮ ಶಾಲೆಗೇ ಮೊದಲಿಗರಾಗಿ ಬಂದವರು ‘ದಡ್ಡರ ಕ್ಲಾಸಿ’ಗೆ ಹೋದಾರೆಯೇ? ಟ್ರೈಸ್‌ಮನ್ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡರು. 1978ರ ಹೊತ್ತಿಗೆ ಅವರು ಶುರುಮಾಡಿದ ಕಾರ್ಯಾಗಾರಕ್ಕೆ ಕರೆದದ್ದು ದಡ್ಡರೆಂದಲ್ಲ, ಜಾಣರೆಂದು. ಕೊಟ್ಟದ್ದೂ ಸುಲಭದ ಲೆಕ್ಕಗಳಲ್ಲ. ಒಬ್ಬರ ಕೈಲಿ ಬಗೆಹರಿಯದ, ನಾಲ್ಕು ತಲೆ ಸೇರಿದರೆ ಬಗೆಹರಿಯುವಂಥ ಲೆಕ್ಕಗಳು. ಬಂದವರಲ್ಲಿ ನಪಾಸಾಗುವವರು ತೀರಾ ಕಡಿಮೆಯಾದರು, ಎಷ್ಟೋ ಮಂದಿ ಒಳ್ಳೆಯ ದರ್ಜೆಯನ್ನೇ ಪಡೆದರು. ಆಮೇಲೆ ಅಮೆರಿಕದ ಬೇರೆ ವಿಶ್ವವಿದ್ಯಾಲಯಗಳೂ ಈ ದಾರಿ ಹಿಡಿದವು.

ಅಜ್ಜಿಯಂದಿರೇ, ಅನುಮಾನವಿದ್ದರೆ ಮುಂದಿನ ಸಲ ಆ ದಂಡನ್ನು ನಿಮ್ಮ ಜಗಲಿಗೇ ಕರೆಯಿರಿ. ಒಂದು ತಟ್ಟೆ ಚಕ್ಕುಲಿ ಇಟ್ಟು, ‘ನಿನ್ನ ಗೆಳೆಯ ಈ ಲೆಕ್ಕ ಹೇಗೆ ಮಾಡಿದ, ನೀನು ಹೇಳು’ ಎಂದು ಮೊಮ್ಮಗನನ್ನೇ ಕೇಳಿ. ಹರಟೆಯೋ ಓದೋ, ಆಗ ಗೊತ್ತಾಗುತ್ತದೆ.