ಭಾಷಾಂತರದ ಋಣ

ಭಾಷಾಂತರವೆಂದರೆ ಎಂಜಲೂಟವೆಂದು ಮೂಗು ಮುರಿಯುವವರು ನಮ್ಮ ವಿದ್ಯಾವಂತರಲ್ಲಿ ಇಂದಿಗೂ ಕಡಮೆಯಿಲ್ಲ. ಸ್ವತಂತ್ರವಾಗಿ ಬರೆದವನು ಕವಿ, ಭಾಷಾಂತರಿಸಿದವನು ಬರಿಯ ನಕಲುಗಾರ ಎಂಬುದು ಅವರ ತೀರ್ಮಾನ. ಆದರೆ ಯಾವ ಷೇಕ್ಸ್‌ಪಿಯರ್ ಮಹಾಕವಿಯ ಹೆಸರನ್ನು ಕೇಳಿದೊಡನೆ ಈ ಮಹನೀಯರು ತಲೆದೂಗುವರೋ, ಆ ಕವಿಯೇ ಒಂದು ಭಾಷಾಂತರ ಗ್ರಂಥಕ್ಕೆ, ಅದರಲ್ಲಿಯೂ ಭಾಷಾಂತರದ ಭಾಷಾಂತರಕ್ಕೆ, ಎಷ್ಟು ಋಣಿಯಾಗಿದ್ದನೆಂಬುದನ್ನು ಅವರು ಆಲೋಚಿಸಿದಂತೆ ಕಾಣುವುದಿಲ್ಲ. ಆ ಗ್ರಂಥದ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಇಂದಿನ ನಮ್ಮ ಉದ್ದೇಶವಾಗಿದೆ.

ಪ್ಲುಟಾರ್ಕನೆಂಬ ಗ್ರೀಕ್ ಪಂಡಿತನು ಸುಮಾರು 1900 ವರ್ಷಗಳ ಹಿಂದೆ, ಒಬ್ಬ ಗ್ರೀಕ್ ವೀರನನ್ನೂ ಒಬ್ಬ ರೋಮನ್ ವೀರನನ್ನೂ ಜೊತೆಗೂಡಿಸಿ, ಮಹಾಪುರುಷರ ಚರಿತ್ರೆಗಳನ್ನು ಬರೆದನು. 1559ರಲ್ಲಿ ಝಾಕ್ ಅಮಿಯೋ ಎಂಬಾತನು ಅವನ್ನು ಫ್ರೆಂಚ್ ಭಾಷೆಗೆ ತಂದನು. ತಾಮಸ್ ನಾರ್ತ್ ಎಂಬ ಆಂಗ್ಲನು ಆ ಫ್ರೆಂಚ್ ಪುಸ್ತಕವನ್ನು ಇಂಗ್ಲೀಷಿಗೆ ಪರಿವರ್ತಿಸಿದನು. 1579ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಗ್ರಂಥವು ಸಾವಿರಕ್ಕೂ ಮಿಕ್ಕ ಪುಟಗಳ ದೊಡ್ಡ ಸಂಪುಟ. ಎಲಿಜಬೆತ್ ರಾಣಿಗೆ ಅರ್ಪಿತವಾದುದು. ಗ್ರೀಕಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲೀಷಿಗೆ ಬಂದ ಸಂಗತಿಯನ್ನು ನಾರ್ತನು ಮುಚ್ಚಿಡದೆ ಮುಖಪುಟದಲ್ಲಿಯೇ ಪ್ರಕಟಿಸಿರುವನು. ಅದರಲ್ಲಿ ಆತನಿಗೆ ನಾಚಿಕೆಯೇನೂ ತೋರಲಿಲ್ಲ.

ಅದನ್ನು ಅಚ್ಚುಮಾಡಿದ ವಾಟ್ರೋಲಿಯೆ ಎಂಬವನು ಫ್ರಾನ್ಸಿನಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಪ್ರಾಟೆಸ್ಟಂಟ್ ಮತದವನು. ಆತನ ಅಚ್ಚುಕೂಟದಲ್ಲಿ ಕೆಲಸ ಕಲಿತ ರಿಚರ್ಡ್ ಫೀಲ್ಡನು ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿನವನೇ. ಯಜಮಾನನು ಕಾಲವಾದ ಮೇಲೆ ಆತನ ವಿಧವೆಯನ್ನು ವಿವಾಹವಾಗಿ ಫೀಲ್ಡನು ಅಚ್ಚುಕೂಟದ ಒಡೆಯನಾದನು. 1593ರಲ್ಲಿ ಷೇಕ್ಸ್‌ಪಿಯರನ ಮೊದಲ ಮುದ್ರಿತ ಕಾವ್ಯವನ್ನೂ, 1595ರಲ್ಲಿ ನಾರ್ತನ ಗ್ರಂಥದ ಎರಡನೆಯ ಮುದ್ರಣವನ್ನೂ ಹೊರತಂದವನು ಈತನೇ.

ಷೇಕ್ಸ್‌ಪಿಯರನು ಗ್ರೀಕ್ ಭಾಷೆಯಲ್ಲಿ ಪಂಡಿತನಲ್ಲ. ರೋಮಿನ ವೀರರು ಆತನಿಗೆ ದೊರೆತದ್ದು ಸ್ವಭಾಷೆಯ ಈ ಗ್ರಂಥದಿಂದಲೇ. ಜೂಲಿಯಸ್ ಸೀಸರ್, ಆಂಟನಿ ಮತ್ತು ಕ್ಲಿಯೋಪಾತ್ರ, ಕೊರಿಯೊಲೇನಸ್ ಎಂಬ ಮೂರು ನಾಟಕಗಳಿಗೂ ಇದೇ ಮೂಲ. ಕ್ಲಿಯೋಪಾತ್ರ ರಾಣಿಯು ಅಲಂಕೃತವಾದ ನೌಕೆಯಲ್ಲಿ ಬರುವ ಪ್ರಸಿದ್ಧವಾದ ವರ್ಣನೆಯಲ್ಲಿ ನಾರ್ತನ ಗದ್ಯದ ಮಾತುಗಳೇ ಅಲ್ಪಸ್ವಲ್ಪ ಬದಲಾವಣೆಯೊಡನೆ ಪದ್ಯವಾಗಿವೆ. ಕೊರಿಯೊಲೇನಸನ ತಾಯಿಯು ಮಗನ ಮುಂದೆ ಆಡುವ ಬಿನ್ನಹವೂ ಅಂತಹುದೇ.

ಹಾಗಾದರೆ ಇದು ಚೌರ್ಯವಲ್ಲವೇ ಎಂದು ಕೇಳುವವರುಂಟು. ಖಂಡಿತವಾಗಿಯೂ ಅಲ್ಲ. ಸೀಸರನ ಶವದ ಮುಂದೆ ಆಂಟನಿಯು ಮಾತನಾಡಿ, ರಕ್ತಸಿಕ್ತವಾದ ಉಡುಪನ್ನು ತೋರಿಸಿ ಜನರನ್ನು ಕೆರಳಿಸಿದನೆಂದು ಗ್ರಂಥವು ಸಂಕ್ಷೇಪವಾಗಿ ಹೇಳುತ್ತದೆ. ಲೋಕವೇ ಬಾಯಿಪಾಠ ಮಾಡಿರುವ ಆ ಭಾಷಣವು ಕವಿಯ ಸೃಷ್ಟಿ. ಬೀಜವು ಭಾಷಾಂತರಕಾರನದು, ವೃಕ್ಷವು ಕವಿಯದು. ಬೀಜವಿಲ್ಲದೆ ವೃಕ್ಷವೆಲ್ಲಿಯದು?

ಭಾಷಾಂತರದಲ್ಲಿ ದೋಷಗಳು ನುಸುಳುವುವೆಂಬ ಆಕ್ಷೇಪಣೆ ನಿಜವೇ. ಸೀಸರನು ಜನರಿಗೆ ಬಿಟ್ಟುಹೋದ ಉದ್ಯಾನಗಳು ಟೈಬರ್ ನದಿಯ ಆಚೆಯ ದಡದಲ್ಲಿದ್ದವೆಂದು ಪ್ಲುಟಾರ್ಕನ ಮಾತು. ಅಮಿಯೋ ಅದನ್ನು ಈಚೆಯ ದಡವೆಂದು ಬರೆದನು. ನಾರ್ತನು ಹಾಗೆಯೇ ಇಳಿಸಿದನು. ಷೇಕ್ಸ್‌ಪಿಯರನ ಆಂಟನಿಯೂ ಹಾಗೆಯೇ ನುಡಿದನು. ಕವಿಯು ಓದಿದ್ದು ಗ್ರೀಕ್ ಮೂಲವನ್ನಲ್ಲ, ಈ ಭಾಷಾಂತರವನ್ನೇ ಎಂದು 1767ರಲ್ಲಿ ರಿಚರ್ಡ್ ಫಾರ್ಮರನೆಂಬ ವಿದ್ವಾಂಸನು ವಾದಿಸಿದಾಗ ಈ ತಪ್ಪೇ ಒಂದು ಸಾಕ್ಷಿಯಾಯಿತು. ಉದ್ಯಾನವು ದಡವನ್ನು ಬದಲಿಸಿದ ಮಾತ್ರಕ್ಕೆ ನಾಟಕದ ಘನತೆಗೆ ಕುಂದು ಬಂದಿತೇ?

ನಮ್ಮಲ್ಲಿಯೂ ಇದಕ್ಕೆ ನಿದರ್ಶನವಿಲ್ಲದಿಲ್ಲ. ಮೈಸೂರು ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಸಂಸ್ಕೃತ ಕನ್ನಡಗಳಲ್ಲಿ ಉದ್ದಾಮ ಪಂಡಿತರು, ಇಂಗ್ಲೀಷಿನವರಲ್ಲ. ಹಾಗಿದ್ದೂ ಇಂಗ್ಲೀಷ್ ಬಲ್ಲವರ ನೆರವನ್ನು ಪಡೆದು ಷೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಶೂರಸೇನ ಚರಿತ್ರೆಯೆಂದು ಕನ್ನಡಿಸಿದರು. ನಾರ್ತನು ಇಂಗ್ಲೀಷಿಗೆ ಮಾಡಿದ ಉಪಕಾರವನ್ನು ಇವರು ಕನ್ನಡಕ್ಕೆ ಮಾಡಿದರೆಂದರೆ ಅತಿಶಯೋಕ್ತಿಯಾಗದು. ಅಲ್ಲಿಯವನನ್ನು ಕೊಂಡಾಡಿ ಇಲ್ಲಿಯವರನ್ನು ಮರೆಯುವುದು, ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಹಳೆಯ ರೋಗವೇ ಸರಿ.

ಇನ್ನೊಂದು ಮಾತು. 1579ರ ಆ ಮುದ್ರಣವು ಈಗ ದುರ್ಲಭ. ದೊಡ್ಡ ಪುಸ್ತಕ ಭಂಡಾರಗಳು ಅದನ್ನು ನಿಧಿಯಂತೆ ಕಾಪಾಡುತ್ತಿವೆ. ಗ್ರಂಥವು ಉಳಿದುದರಿಂದಲೇ ನಾಟಕದೊಡನೆ ಹೋಲಿಸಿ ಕವಿಯ ಋಣವನ್ನು ಲೆಕ್ಕಹಾಕುವುದು ಸಾಧ್ಯವಾಯಿತು. ಕನ್ನಡದಲ್ಲಿ ಕಳೆದ ಶತಮಾನಗಳಲ್ಲಿ ಅಚ್ಚಾದ ಭಾಷಾಂತರಗಳು ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾದರೆ, ಯಾವ ಪುಸ್ತಕವು ನಮ್ಮ ಯಾವ ನಾಟಕಕಾರನನ್ನು ಬೆಳೆಸಿತೆಂದು ನಾಳಿನವರು ತಿಳಿಯುವ ಬಗೆ ಹೇಗೆ?

ಆದಕಾರಣ ಪುಸ್ತಕಾಲಯಗಳ ಅಧಿಕಾರಿಗಳು ಹಳೆಯ ಪುಸ್ತಕವನ್ನು ರದ್ದಿಯೆಂದು ತೂಗಿಸುವ ಮುನ್ನ ಒಮ್ಮೆ ತೆರೆದು ನೋಡತಕ್ಕದ್ದು. ಮನೆಯಲ್ಲಿ ಇಂತಹವುಳ್ಳ ಗೃಹಸ್ಥರು ಅವನ್ನು ಯೋಗ್ಯವಾದ ಭಂಡಾರಕ್ಕೆ ಒಪ್ಪಿಸತಕ್ಕದ್ದು. ಪರಭಾಷೆಗಳನ್ನು ಬಲ್ಲ ಪದವೀಧರರು ತಮ್ಮ ಜೀವಮಾನದಲ್ಲಿ ಒಂದು ಒಳ್ಳೆಯ ಗ್ರಂಥವನ್ನಾದರೂ ಕನ್ನಡಕ್ಕೆ ತರಲಿ. ಅದನ್ನು ಓದುವ ಹಳ್ಳಿಯ ಹುಡುಗನೊಬ್ಬನು ಮುಂದೆ ಏನಾಗುವನೆಂದು ಯಾರು ಬಲ್ಲರು? 1579ರಲ್ಲಿ ಷೇಕ್ಸ್‌ಪಿಯರನು ಹದಿನೈದು ವರ್ಷದ ಹುಡುಗ.