ಮನೆತನದ ವ್ಯಾಪಾರ ಮತ್ತು ಮಕ್ಕಳ ಅಭಿಲಾಷೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ತಿಲಕ್ ನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರಗಳ ನಮ್ಮ ಅನೇಕ ಮನೆಗಳಲ್ಲಿ ಒಂದೇ ಬಗೆಯ ವಾಗ್ವಾದ ಏಳುತ್ತದೆ. ಬೆವರು ಸುರಿಸಿ ಬಟ್ಟೆಯಂಗಡಿಯನ್ನೋ ಗ್ಯಾರೇಜನ್ನೋ ಕಟ್ಟಿದ ತಂದೆಗೆ, ಇನ್ನು ಮಗ ಗಲ್ಲಾದಲ್ಲಿ ಕುಳಿತುಕೊಳ್ಳಲಿ ಎಂಬ ಆಸೆ. ಮಗನಿಗೆ ಕಾನೂನು ಓದುವ ಅಥವಾ ಶಿಕ್ಷಕನಾಗುವ ಹಂಬಲ. ಮಾತು ಬೆಳೆದಾಗ ಒಬ್ಬರು ಹೆತ್ತವರ ಹಕ್ಕನ್ನು ಮುಂದಿಡುತ್ತಾರೆ. ಇನ್ನೊಬ್ಬರು ತನ್ನ ಬದುಕು ತನ್ನದೆನ್ನುತ್ತಾರೆ. ಇಸ್ಲಾಮಿನ ತಕ್ಕಡಿಯಲ್ಲಿ ಇವೆರಡೂ ಅರ್ಧ ಮಾತುಗಳೇ.

ಅಲ್ಲಾಹನ ಆರಾಧನೆಯ ಆಜ್ಞೆಯ ಬೆನ್ನಿಗೇ ಪವಿತ್ರ ಕುರ್‌ಆನ್ ಹೆತ್ತವರೊಂದಿಗೆ ಸದ್ವರ್ತನೆಯನ್ನು ಆದೇಶಿಸಿದೆ. ಬೇಸರದ ಒಂದು ಉದ್ಗಾರವನ್ನೂ ಅವರೆದುರು ನಿಷೇಧಿಸಿದೆ (17:23). ಸೇವೆ, ವಿನಯ, ಅಗತ್ಯವಿದ್ದಾಗ ಪೋಷಣೆ, ಇವು ಅವರ ಹಕ್ಕುಗಳು. ಆದರೆ ಮಗ ತಮ್ಮ ಕಸುಬನ್ನೇ ಮುಂದುವರಿಸಬೇಕೆಂಬುದು ಆಸೆ. ಆ ಆಸೆ ಗೌರವಾರ್ಹವೇ. ಆದರೆ ಅದನ್ನು ಹಕ್ಕಿನ ಜಾಗದಲ್ಲಿ ಕೂರಿಸಿದಾಗಲೇ ಮನೆ ಒಡೆಯುತ್ತದೆಂದು ನಾವು ಭಾವಿಸುತ್ತೇವೆ.

ಪ್ರವಾದಿ ಇಬ್ರಾಹೀಮ್(ಅ)ರ ಚರಿತ್ರೆಯನ್ನು ನಾವು ಪ್ರತಿ ಬಕ್ರೀದ್‌ನಲ್ಲಿ ಕೇಳುತ್ತೇವೆ. ಬಲಿದಾನದ ಆಜ್ಞೆ ಕನಸಿನಲ್ಲಿ ಬಂದಾಗ ಆ ತಂದೆ ಮಗನನ್ನು ಕರೆದು ಅವನ ಅಭಿಪ್ರಾಯ ಕೇಳಿದರು (37:102). ಅಲ್ಲಾಹನ ಆಜ್ಞೆಯ ವಿಷಯದಲ್ಲೇ ಮಗನನ್ನು ಕೇಳಲಾಯಿತೆಂದರೆ, ಅಂಗಡಿಯ ವಿಷಯದಲ್ಲಿ ಕೇಳಬಾರದೇ? ಹಸುಳೆಯ ಎದೆಹಾಲು ಬಿಡಿಸುವುದಕ್ಕೂ ತಂದೆ ತಾಯಿಗಳ ಪರಸ್ಪರ ಸಮಾಲೋಚನೆಯನ್ನು ಕುರ್‌ಆನ್ ಹೇಳಿದೆ (2:233).

ಇಮಾಮ್ ಅಬೂ ಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಇಮಾಮ್ ಶಅಬೀ ಅವರ ಪ್ರೇರಣೆಯಿಂದ ವಿದ್ಯೆಯತ್ತ ತಿರುಗಿದರು. ಆದರೂ ವ್ಯಾಪಾರವನ್ನು ತೊರೆಯಲಿಲ್ಲ. ಪಾಲುದಾರರ ಮೂಲಕ ಅದನ್ನು ನಡೆಸಿ, ಲಾಭದಿಂದ ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ನೆರವಾದರು.

ಕೆಲವೊಮ್ಮೆ ಕರ್ತವ್ಯವೇ ಮಗನನ್ನು ಹಿಂದಕ್ಕೆ ಕರೆಯುತ್ತದೆ. 1966ರಲ್ಲಿ ತಂದೆ ನಿಧನರಾದಾಗ 21ರ ಹರೆಯದ ಅಜೀಂ ಪ್ರೇಮ್‌ಜಿ ಅಮೆರಿಕದ ಸ್ಟಾನ್‌ಫರ್ಡ್‌ನ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಅಡುಗೆ ಎಣ್ಣೆಯ ಮನೆತನದ ಕಂಪನಿಯನ್ನು ವಹಿಸಿಕೊಂಡರು. ಆ ಕಂಪನಿಯೇ ಮುಂದೆ ಕಂಪ್ಯೂಟರ್ ಕ್ಷೇತ್ರಕ್ಕೆ ಕಾಲಿಟ್ಟು, ನಮ್ಮ ಬೆಂಗಳೂರಿನ ವಿಪ್ರೋ ಎಂದು ಹೆಸರಾಯಿತು. ತಂದೆಯ ವ್ಯಾಪಾರವನ್ನು ಉಳಿಸುವುದೆಂದರೆ ಅದನ್ನು ಇದ್ದಂತೆಯೇ ಇಡುವುದಲ್ಲ ಎಂಬುದಕ್ಕೆ ಇದು ನಿದರ್ಶನ.

ಆದ್ದರಿಂದ ತರುಣರಿಗೆ ನಮ್ಮದೊಂದು ಮಾತು: ಕನಸನ್ನು ಹೇಳುವ ಮುನ್ನ ಅಂಗಡಿಯ ಲೆಕ್ಕ ತಿಳಿಯಿರಿ. ಸಾಲವೆಷ್ಟು, ಬಾಡಿಗೆಯೆಷ್ಟು, ತಂಗಿಯ ಓದು ಯಾವುದರಿಂದ ನಡೆಯುತ್ತಿದೆ? ಹೆತ್ತವರಿಗೆ ಬೇರೆ ಆಧಾರವಿಲ್ಲದಿದ್ದರೆ ಅವರ ಪೋಷಣೆ ದುಡಿಯಬಲ್ಲ ಮಕ್ಕಳ ಮೇಲೆ ಕಡ್ಡಾಯ. ಆ ಹೊಣೆಗೆ ದಾರಿ ತೋರಿಸದ ಕನಸು ಸ್ವಾರ್ಥವಾಗುತ್ತದೆ.

ತಂದೆಯಂದಿರಿಗೂ ಒಂದು ಮಾತು: ಮಗ ಅಂಗಡಿಗೆ ಬರಲೊಪ್ಪಿದರೆ ಅವನು ಸಂಬಳಕ್ಕೋ ಪಾಲಿಗೋ ಎಂಬುದನ್ನು ಮೊದಲೇ ಬರೆದಿಡಿ. ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸಿದ ಧರ್ಮ ನಮ್ಮದು (2:282). ಹೀಗೆ ಬರೆದಿಡದ ಮನೆಗಳಲ್ಲಿ ತಂದೆಯ ಕಾಲಾನಂತರ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲೇರುವುದನ್ನು ಕಾಣುತ್ತಿದ್ದೇವೆ. ಒಲ್ಲದ ಮಗನನ್ನು ಎಳೆದು ತರುವ ಮುನ್ನ, ಲೆಕ್ಕದಲ್ಲಿ ಚುರುಕಾದ ಮಗಳನ್ನೂ ಒಮ್ಮೆ ಕೇಳಿ. ಹಝ್ರತ್ ಖದೀಜಾ(ರ) ವ್ಯಾಪಾರಿಯಾಗಿದ್ದರೆಂಬುದನ್ನು ನಾವು ಮರೆಯದಿರೋಣ.

ಮನೆಯವರೆಲ್ಲ ಕುಳಿತು ಮಾತಾಡಿ, ಇಸ್ತಿಖಾರಾ ಮಾಡಿ, ಓದಿಗೂ ಅಂಗಡಿಗೂ ಒಂದು ಗಡುವು ಗೊತ್ತುಮಾಡಿಕೊಳ್ಳಲಿ. ರಿಝ್ಕ್ ಕೊಡುವವನು ಅಲ್ಲಾಹನು. ಅಂಗಡಿ ಅದರ ಒಂದು ಬಾಗಿಲು ಮಾತ್ರ. ಹೆತ್ತವರ ಮನಸ್ಸನ್ನೂ ಮಕ್ಕಳ ಪ್ರತಿಭೆಯನ್ನೂ ಕಾಪಾಡುವ ತೌಫೀಕನ್ನು ಅವನು ನಮ್ಮೆಲ್ಲರಿಗೂ ದಯಪಾಲಿಸಲಿ, ಆಮೀನ್.